ಶಿರಸಿಯಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಪಿಕಪ್ ಬೇಕು, ಯಾವುದು ತಗೊಳ್ಳಲಿ?

ಶೀಟ್‌ಮಾಡು ಶಿರಸಿ:
ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಿಂದ ಸ್ವಲ್ಪ ಹೊರಗೆ ನನ್ನದೊಂದು ಸಣ್ಣ ವೆಲ್ಡಿಂಗ್ ಶೆಡ್ ಇದೆ. ಮನೆಗೆ ಶೀಟ್ ಮಾಡು (ಛಾವಣಿ), ಅಡಿಕೆ ಅಂಗಳಕ್ಕೆ ಚಪ್ಪರ, ಗೇಟು, ಗ್ರಿಲ್ಲು, ಇವೇ ಕೆಲಸ. ನಾನು ಮತ್ತು ಇಬ್ಬರು ಹುಡುಗರು. ಇಷ್ಟು ದಿನ ಬಾಡಿಗೆ ಗಾಡಿಯಲ್ಲೇ ಸಾಮಾನು ಸಾಗಿಸಿದೆ. ಕಳೆದ ಬೇಸಿಗೆಯಲ್ಲಿ ಲೆಕ್ಕ ಹಾಕಿದರೆ ತಿಂಗಳಿಗೆ ಹದಿನಾಲ್ಕು ಹದಿನೈದು ಸಾವಿರ ಬಾಡಿಗೆಗೇ ಹೋಗಿದೆ. ಅಷ್ಟು ಕೊಟ್ಟರೂ ಬೇಕಾದ ದಿನ ಗಾಡಿ ಸಿಗುವುದಿಲ್ಲ. ಅಡಿಕೆ ಕೊಯ್ಲು ಶುರುವಾದರೆ ಕೇಳಲೇ ಬೇಡಿ, ಫೋನೂ ಎತ್ತುವುದಿಲ್ಲ.

ಕೈಯಲ್ಲಿ ನಾಲ್ಕೂವರೆ ಲಕ್ಷ ಇದೆ. ಸಾಲ ಮಾಡಬೇಡಿ ಅಂತ ಮನೆಯಲ್ಲಿ ಖಡಕ್ಕಾಗಿ ಹೇಳಿದ್ದಾರೆ. ಸದ್ಯ ಮೂರು ಗಾಡಿ ಕಣ್ಣಲ್ಲಿವೆ. ಒಂದು 2017ರ ಬೊಲೆರೊ ಪಿಕಪ್, ಕೆಎ 30, ಕಾರವಾರದ ಒಬ್ಬ ಬ್ರೋಕರ್ ಹತ್ತಿರ ಇದೆ, 4.20 ಹೇಳುತ್ತಿದ್ದಾನೆ. ಫೋಟೋದಲ್ಲಿ ಹೊಸ ಪೇಂಟು, ಮದುಮಗನ ಹಾಗಿದೆ. ಇನ್ನೊಂದು 2018ರ ಅಶೋಕ್ ಲೇಲ್ಯಾಂಡ್ ದೋಸ್ತ್ ಪಿಕಪ್, ಹುಬ್ಬಳ್ಳಿಯದು, 3.60. ಮೂರನೆಯದು ನಮ್ಮೂರಿನದೇ ಟಾಟಾ ಏಸ್, 2019, ಬೇಕರಿ ಸಾಮಾನಿಗೆ ಓಡಿದ್ದು, 2.60.

ಕೆಲಸ ಹೆಚ್ಚಾಗಿ ಶಿರಸಿ, ಸಿದ್ದಾಪುರ, ಬನವಾಸಿ ಕಡೆ. ತಿಂಗಳಲ್ಲಿ ಮೂರು ನಾಲ್ಕು ಸಲ ದೇವಿಮನೆ ಘಟ್ಟ ಇಳಿದು ಕುಮಟಾ, ಹೊನ್ನಾವರಕ್ಕೆ ಹೋಗಬೇಕು. ಹಾಕುವ ಪೈಪೆಲ್ಲ 20 ಅಡಿಯವು. ಅನುಭವ ಇದ್ದವರು ಹೇಳಿ.

ಕಾಳಿ ದಂಡೆ:
ಬೊಲೆರೊ. ಕಣ್ಣು ಮುಚ್ಚಿ ತಗೊಳ್ಳಿ.

ಕುಮಟಾ ಗ್ಯಾರೇಜ್:
ಕಣ್ಣು ಮುಚ್ಚಿ ತಗೊಂಡವರಿಂದಲೇ ನನ್ನ ಗ್ಯಾರೇಜ್ ನಡೆಯುತ್ತಿರುವುದು. ಹಾಗಾಗಿ ನಾನು ಬೇಡ ಅನ್ನಬಾರದು, ಆದರೂ ಹೇಳುತ್ತೇನೆ.

ಶಿರಸಿಯವರೇ, ನೀವು ಕೇಳಿದ್ದು ಯಾವ ಕಂಪನಿ ಗಾಡಿ ಅಂತ. ಮೊದಲು ಕೇಳಬೇಕಾದ್ದು ಆ ಗಾಡಿ ಇಷ್ಟು ವರ್ಷ ಎಂತ ಹೊತ್ತಿತ್ತು ಅಂತ. ಕೆಎ 30 ಅಂದಿರಿ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಪಿಕಪ್ಪುಗಳಲ್ಲಿ ಎಷ್ಟೋ ಗಾಡಿ ಮೀನು ಹೊತ್ತವು. ಮೀನಿನ ಕ್ರೇಟಿನಿಂದ ಐಸು ಕರಗಿ ಉಪ್ಪು ನೀರು ಸೋರುತ್ತದೆ. ಅದು ಹಿಂದಿನ ಬಾಡಿಯ ತಳದಿಂದ ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ ಮೇಲೆ ಇಳಿದು, ಚಾಸಿಯ ಒಳಗೆ ಹೋಗಿ ಕೂರುತ್ತದೆ. ಮೇಲಿಂದ ಕಾಣುವುದಿಲ್ಲ. ಮಾರುವ ಮುಂಚೆ ಅಡಿಗೆ ಕಪ್ಪು ಪೇಂಟ್ ಹೊಡೆಸಿ ಬಿಡುತ್ತಾರೆ. ನೋಡಿದವರಿಗೆ ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅನ್ನಿಸಬೇಕು!

ಹೋಗುವಾಗ ಒಂದು ದಪ್ಪ ಸ್ಕ್ರೂಡ್ರೈವರ್, ಒಂದು ಸಣ್ಣ ಸುತ್ತಿಗೆ, ಒಂದು ಆಯಸ್ಕಾಂತ ತಗೊಂಡು ಹೋಗಿ. ಕ್ಯಾಬಿನ್ ಚಾಸಿಗೆ ಕೂರುವ ಜಾಗ, ಹಿಂದಿನ ಸ್ಪ್ರಿಂಗ್ ಪ್ಲೇಟಿನ ಬ್ರಾಕೆಟ್, ಬ್ರೇಕ್ ಪೈಪು ಹೋಗುವ ದಾರಿ, ಇಷ್ಟು ಕಡೆ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಬಾಗಿಲ ಕೆಳಗೆ ಆಯಸ್ಕಾಂತ ಹಿಡಿಯದಿದ್ದರೆ ಅಲ್ಲಿ ಬರೀ ಪುಟ್ಟಿ ಇದೆ ಅಂತ ಲೆಕ್ಕ. ನೀವು ವೆಲ್ಡಿಂಗ್‌ನವರು, ನಿಮಗೆ ನಾನು ಕಬ್ಬಿಣದ ಪಾಠ ಹೇಳಬೇಕಾ?

ಬೈತಕೋಲ್ ಬಂದರು:
ಮೀನಿನ ಗಾಡಿ ಅಂದ ಕೂಡಲೇ ಮೂಗು ಮುಚ್ಚುವುದು ಒಂದು ರೂಢಿ ಆಗಿದೆ. ನನ್ನ ಗಾಡಿಯೂ ಮೀನಿನದೇ. ದಿನಾ ಸಿಹಿನೀರು ಹೊಡೆದು ತೊಳೆಯುತ್ತೇನೆ. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯದ ಎರಡು ತಿಂಗಳಲ್ಲಿ ಬಾಡಿ ಬಿಚ್ಚಿ ಪೇಂಟ್ ಮಾಡಿಸುತ್ತೇನೆ. ಒಂಬತ್ತು ವರ್ಷ ಆಯ್ತು, ಚಾಸಿ ಕಲ್ಲಿನ ಹಾಗಿದೆ. ನಿಮ್ಮ ಘಟ್ಟದ ಮೇಲಿನ ಗಾಡಿಗಳು ಮಳೆಗಾಲ ಇಡೀ ಕೆಸರಿನಲ್ಲಿ ನಿಂತಿರುತ್ತವೆ, ಅವಕ್ಕೆ ತುಕ್ಕು ಹಿಡಿಯುವುದಿಲ್ವಾ?

ಕುಮಟಾ ಗ್ಯಾರೇಜ್:
ನಿಮ್ಮಂತೆ ಬಾಡಿ ಬಿಚ್ಚುವವರು ನೂರಕ್ಕೆ ಇಬ್ಬರು. ನೀವು ಮಾರುವುದಾದರೆ ಹೇಳಿ, ನಾನೇ ತಗೊಳ್ಳುತ್ತೇನೆ.

ಬೈತಕೋಲ್ ಬಂದರು:
ಮಾರುವುದಿಲ್ಲ 😄

ಹೊನ್ನಾವರ ಚಿರೆಕಲ್ಲು:
ಮೀನಿಗಿಂತ ನಮ್ಮ ಗಾಡಿಗಳಿಗೇ ಹೆದರಿ, ಸತ್ಯ ಹೇಳಿಬಿಡುತ್ತೇನೆ. ಚಿರೆಕಲ್ಲು ಹೊಡೆಯುವ ಗಾಡಿಗೆ ಒಂದು ಟನ್ ಅಂತ ಬರೆದಿದ್ದರೆ ಎರಡು ಟನ್ ಹೇರುತ್ತಾರೆ. ಕಲ್ಲಿನ ಕ್ವಾರಿಯಿಂದ ಮೇಲೆ ಬರುವ ದಾರಿ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಚಾಸಿ ಬಿರುಕು ಬಿಡುತ್ತದೆ, ಅದನ್ನು ಪಟ್ಟಿ ಕೊಟ್ಟು ವೆಲ್ಡ್ ಮಾಡುತ್ತಾರೆ, ಮತ್ತೆ ಹೇರುತ್ತಾರೆ. ಹಿಂದಿನ ಸ್ಪ್ರಿಂಗಿನಲ್ಲಿ ಪ್ಲೇಟ್ ಎಣಿಸಿ. ಅದೇ ಮಾಡೆಲ್ಲಿನ ಬೇರೆ ಗಾಡಿಗಿಂತ ಒಂದೆರಡು ಜಾಸ್ತಿ ಇದ್ದರೆ ಆ ಗಾಡಿ ಏನು ಅನುಭವಿಸಿದೆ ಅಂತ ಅದೇ ಹೇಳುತ್ತದೆ. "ಹೆಚ್ಚಿಗೆ ಪ್ಲೇಟ್ ಹಾಕಿಸಿದ್ದೇನೆ ಸಾರ್, ಗಟ್ಟಿ ಗಾಡಿ" ಅಂತ ಮಾರುವವನು ಹೆಮ್ಮೆಯಿಂದ ಹೇಳುತ್ತಾನೆ, ಅದು ಬೇರೆ ಮಾತು.

ಸಿದ್ದಾಪುರ ನರ್ಸರಿ:
ನಮ್ಮದು ಅಡಿಕೆ, ಕಾಳುಮೆಣಸು, ಹೂವಿನ ಗಿಡದ ನರ್ಸರಿ. ಮಾರುತಿ ಸೂಪರ್ ಕ್ಯಾರಿ ಇದೆ, ಪೆಟ್ರೋಲ್. ನಾನೇ ಓಡಿಸುತ್ತೇನೆ, ಸೆಕೆಂಡ್ ಹ್ಯಾಂಡೇ ತಗೊಂಡದ್ದು. ಕಾರಿನ ಹಾಗೇ ಸದ್ದಿಲ್ಲದೆ ಹೋಗುತ್ತದೆ. ನೀವು ಅದನ್ನು ಪಟ್ಟಿಯಲ್ಲೇ ಸೇರಿಸಿಲ್ಲ ನೋಡಿ. ಎಲ್ಲರಿಗೂ ಪಿಕಪ್ ಅಂದರೆ ಡೀಸೆಲ್ಲೇ ಆಗಬೇಕು.

ಶೀಟ್‌ಮಾಡು ಶಿರಸಿ:
ಅಕ್ಕಾ, ಅದರಲ್ಲಿ ಎಷ್ಟು ಭಾರ ಹೇರಬಹುದು?

ಸಿದ್ದಾಪುರ ನರ್ಸರಿ:
740 ಕೆಜಿ. ನನಗೆ ಅಷ್ಟು ಬೇಕಾಗುವುದೇ ಇಲ್ಲ. ಗಿಡ ಜಾಗ ತಿನ್ನುತ್ತದೆ, ಭಾರ ಇರುವುದಿಲ್ಲ.

ಲೆಕ್ಕದ ಮಾಸ್ತರ:
ಭಾರದ ಮಾತು ಬಂತು, ಒಂದು ಲೆಕ್ಕ ಮಾಡೋಣ. ಎರಡಿಂಚಿನ ಚೌಕ ಪೈಪು, 2 ಎಂಎಂ ದಪ್ಪ, 20 ಅಡಿ ಉದ್ದದ್ದು ಒಂದಕ್ಕೆ ಹತ್ತಿರ ಹತ್ತಿರ 18 ಕೆಜಿ. ನಲವತ್ತು ಪೈಪಿಗೆ 720 ಕೆಜಿ ಆಯಿತು. ಏಸ್ ಹೊರುವುದೇ ಸುಮಾರು 750. ಅಲ್ಲಿಗೆ ಏಸ್ ಮುಗಿಯಿತು, ಇನ್ನು ಶೀಟು, ವೆಲ್ಡಿಂಗ್ ಮೆಷಿನ್ನು, ಇಬ್ಬರು ಹುಡುಗರು ಎಲ್ಲಿ ಕೂರಬೇಕು? ಬೊಲೆರೊ ಪಿಕಪ್ಪಿನಲ್ಲಿ 1.3 ಟನ್, 1.7 ಟನ್ ಅಂತ ಬೇರೆ ಬೇರೆ ಬರುತ್ತದೆ. 1.7 ಅಂದರೆ ಸಿಮೆಂಟ್ ಲೆಕ್ಕದಲ್ಲಿ 34 ಚೀಲ. ಬರೀ ಬೊಲೆರೊ ಅಂದರೆ ಸಾಲದು, ಆರ್‌ಸಿ ನೋಡಿ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ.

ಯಲ್ಲಾಪುರ ಟೈಲ್ಸ್:
ಮಾಸ್ತರರೇ, ನಲವತ್ತು ಪೈಪು ದಿನಾ ಯಾರು ಹೇರುತ್ತಾರೆ? ಒಂದು ಮನೆ ಮಾಡಿಗೆ ಒಂದು ಸಲ. ಅದನ್ನು ಪೈಪಿನ ಅಂಗಡಿಯವರೇ ತಮ್ಮ ಗಾಡಿಯಲ್ಲಿ ಸೈಟಿಗೆ ಇಳಿಸಿ ಹೋಗುತ್ತಾರೆ. ಉಳಿದ ದಿನ ಮೆಷಿನ್ನು, ಗ್ರೈಂಡರು, ಏಣಿ, ಒಂದು ಗೇಟು. ಅದಕ್ಕೆ ಏಸ್ ಸಾಕು. ಎರಡು ಲಕ್ಷ ಉಳಿಯುತ್ತದೆ.

ಲೆಕ್ಕದ ಮಾಸ್ತರ:
ಅಂಗಡಿಯವರು ಶಿರಸಿ ಪೇಟೆಯಲ್ಲಿ ಇಳಿಸಬಹುದು. ನಿಲ್ಕುಂದದ ಆಚೆ, ಮಣ್ಣಿನ ರಸ್ತೆಯ ಕೊನೆಯ ಮನೆಗೆ ಇಳಿಸುತ್ತಾರಾ?

ಯಲ್ಲಾಪುರ ಟೈಲ್ಸ್:
ಅದೂ ಹೌದು.

ಶೀಟ್‌ಮಾಡು ಶಿರಸಿ:
ಕೊನೆಯ ಮನೆಗಳೇ ನನ್ನ ಗಿರಾಕಿಗಳು ಮಾರಾಯ್ರೆ. ಪೇಟೆಯ ಕೆಲಸ ಪೇಟೆಯವರಿಗೇ ಹೋಗುತ್ತದೆ.

ಅಘನಾಶಿನಿ:
20 ಅಡಿ ಪೈಪಿನ ಬಗ್ಗೆ ಯಾರೂ ಮಾತಾಡಲಿಲ್ಲ. ಏಸ್ ಗಾಡಿಯ ಉದ್ದವೇ ಹನ್ನೆರಡು ಹನ್ನೆರಡೂವರೆ ಅಡಿ. ಪೈಪು ಏಳು ಅಡಿ ಹೊರಗೆ ಇರುತ್ತದೆ. ಬೊಲೆರೊ ಮೇಲೆ ಕ್ಯಾರಿಯರ್ ಮಾಡಿಸಿದರೂ ಮೂರು ಅಡಿ ಹೊರಗೇ. ಬಾಡಿಯಿಂದ ಆಚೆ ಸಾಮಾನು ಚಾಚಿಕೊಂಡು ಹೋದರೆ 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ 20,000 ದಂಡ ಬರೆದಿದೆ. ಓವರ್‌ಲೋಡಿಗೂ ಅಷ್ಟೇ, 20,000, ಅದರ ಮೇಲೆ ಪ್ರತಿ ಹೆಚ್ಚಿನ ಟನ್ನಿಗೆ 2,000. ಕೆಂಪು ಬಟ್ಟೆ ಕಟ್ಟಿದರೆ ಆಯ್ತು ಅಂತ ಹಳೆ ಕಾಲದವರು ಹೇಳುತ್ತಾರೆ, ನಂಬಬೇಡಿ. ದಂಡ ಬಿಡಿ, ತಿರುವಿನಲ್ಲಿ ಹಿಂದೆ ಬೈಕಿನವನು ಬಂದರೆ?

ಶೀಟ್‌ಮಾಡು ಶಿರಸಿ:
ಇದು ಸರಿ. ಇನ್ನು ಶೆಡ್ಡಿನಲ್ಲೇ ಅಳತೆಗೆ ಕತ್ತರಿಸಿ ಒಯ್ಯಬೇಕು. ಸೈಟಿನಲ್ಲಿ ಜೋಡಿಸಿದರೆ ಆಯ್ತು. ಕರೆಂಟ್ ಇರಬೇಕು ಅಷ್ಟೇ, ನಮ್ಮ ಕಡೆ ಅದೇ ದೊಡ್ಡ ಮಾತು.

ಗೋವಾ ಗಡಿ:
ಮಡಗಾಂವ್‌ನಲ್ಲಿ ನೋಡಿ. ಜಿಎ ನಂಬರಿನ ಗಾಡಿ ಅರವತ್ತು ಎಪ್ಪತ್ತು ಸಾವಿರ ಕಡಿಮೆಗೆ ಸಿಗುತ್ತದೆ.

ಕಾಗದಪತ್ರ:
ಸಿಗುತ್ತದೆ, ಆಮೇಲೆ ಅಲೆದಾಟ ಉಚಿತ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಅಡ್ಡಿ ಇಲ್ಲ ಅನ್ನುವ ಪತ್ರ) ತರಬೇಕು, ಅದು ಫಾರ್ಮ್ 28. ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಮಾಡಿಸಬೇಕು. ಅಷ್ಟರಲ್ಲಿ ಉಳಿದ ದುಡ್ಡು ಹೋಗಿರುತ್ತದೆ.

ನಾನು ಮೂವತ್ತು ವರ್ಷ ಇನ್ಶೂರೆನ್ಸ್ ಕೆಲಸ ಮಾಡಿದವನು, ಕಾಗದದ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ಇದೆಯಾ ಅಂತ ಮೊದಲು ನೋಡಿ. ಇದ್ದರೆ ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದ್ದು ನಡೆಯುವುದಿಲ್ಲ, ಅವರ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಮಾಲೀಕತ್ವ ಬದಲಿಸಲು ಫಾರ್ಮ್ 29 ಮತ್ತು 30. ಖಾಲಿ ಫಾರ್ಮಿಗೆ ಸಹಿ ಹಾಕಿಸಿ ಕಿಸೆಯಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ಗಾಡಿ ಓಡಿಸುವವರು ಇದ್ದಾರೆ. ನಡುವೆ ಮಾರಿದವನು ತೀರಿಕೊಂಡರೆ ಅವನ ಮಕ್ಕಳ ಮನೆ ಬಾಗಿಲು ಕಾಯಬೇಕಾಗುತ್ತದೆ. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ, ಚಲನ್ ಬಾಕಿ ಇದೆಯಾ ನೋಡಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. 2017ರ ಗಾಡಿ ತಗೊಂಡರೆ ವರ್ಷ ವರ್ಷ ಎಫ್‌ಸಿ ಖರ್ಚು ಇದೆ ಅಂತಲೇ ಲೆಕ್ಕ ಇಡಿ. ಗಾಡಿ 2019ರ ಏಪ್ರಿಲ್‌ಗಿಂತ ಹಳೆಯದಾದರೆ ಹೊಸ ಬಗೆಯ ನಂಬರ್ ಪ್ಲೇಟ್ ಹಾಕಿಸಿದ್ದಾರಾ ಅಂತಲೂ ನೋಡಿ.

ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಮಾರಿದವನ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಅವನದು. ಹಳದಿ ಬೋರ್ಡ್ ಗಾಡಿಗೆ ಬರೀ ಥರ್ಡ್ ಪಾರ್ಟಿಯೇ ವರ್ಷಕ್ಕೆ 16,000 ದಾಟುತ್ತದೆ. ಇದನ್ನು ಬ್ರೋಕರ್ ಹೇಳುವುದಿಲ್ಲ.

ಕಾಳಿ ದಂಡೆ:
ಪರ್ಮಿಟ್ ಬೇರೆ ಮಾಡಿಸಬೇಕಲ್ಲ. ಬ್ಯಾಡ್ಜ್, ಅಂದರೆ ಬಾಡಿಗೆ ಗಾಡಿ ಓಡಿಸುವ ಅನುಮತಿ, ಇಲ್ಲದ ಡ್ರೈವರ್ ಓಡಿಸಿದರೆ ಇನ್ಶೂರೆನ್ಸೂ ಸಿಗುವುದಿಲ್ಲ.

ಕಾಗದಪತ್ರ:
ಎರಡೂ ಅರ್ಧ ಸತ್ಯ. ಒಟ್ಟು ತೂಕ, ಅಂದರೆ ಗಾಡಿ ಮತ್ತು ಲೋಡು ಸೇರಿ, 3000 ಕೆಜಿ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಡ. ದಾಟಿದರೆ ಬೇಕು. ಆರ್‌ಸಿಯಲ್ಲಿ ಬರೆದಿರುತ್ತದೆ. ಲೈಸನ್ಸಿನ ವಿಷಯದಲ್ಲಿ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಮಾಮೂಲಿ ಕಾರಿನ ಎಲ್‌ಎಂವಿ ಲೈಸನ್ಸ್ ಇದ್ದವರು ಒಟ್ಟು ತೂಕ 7500 ಕೆಜಿಯೊಳಗಿನ ಸರಕು ಗಾಡಿಯನ್ನೂ ಓಡಿಸಬಹುದು. ಪಿಕಪ್ಪಿಗೆ ಅದೇ ಸಾಕು.

ಕಾಳಿ ದಂಡೆ:
ಹೌದಾ, ಇದು ಗೊತ್ತಿರಲಿಲ್ಲ. ನಾನು ಸುಮ್ನೆ ದುಡ್ಡು ಕೊಟ್ಟೆ ಹಾಗಾದರೆ.

ದೇವಿಮನೆ ತಿರುವು:
ನೀವೆಲ್ಲ ಹೊರುವ ಮಾತಾಡುತ್ತಿದ್ದೀರಿ. ನಾನು ಇಳಿಯುವ ಮಾತಾಡುತ್ತೇನೆ. ಶಿರಸಿ ಇರುವುದು ಆರುನೂರು ಮೀಟರ್ ಎತ್ತರದ ಹತ್ತಿರ, ಕುಮಟಾ ಕಡಲ ಮಟ್ಟದಲ್ಲಿ. ನಡುವೆ ಅರವತ್ತು ಕಿಲೋಮೀಟರ್, ಇಳಿಯುವುದೆಲ್ಲ ದೇವಿಮನೆ ಹತ್ತಿರವೇ. ಐದು ವರ್ಷದ ಹಿಂದೆ ನಾನು ಒಂದು ಹಳೆ ಗಾಡಿ ತಗೊಂಡೆ, ಯಾವುದು ಅಂತ ಬೇಡ. ಇಂಜಿನ್ ಚಿನ್ನದ ಹಾಗಿತ್ತು. ಬ್ರೇಕ್ ಪೇಟೆಯಲ್ಲಿ ಒತ್ತಿ ನೋಡಿದೆ, ನಿಂತಿತು, ಸಾಕು ಅಂದುಕೊಂಡೆ. ಮೊದಲ ಲೋಡು ಬಾಳೆಕಾಯಿ. ಘಟ್ಟದ ಅರ್ಧಕ್ಕೆ ಬರುವಷ್ಟರಲ್ಲಿ ಸುಟ್ಟ ವಾಸನೆ, ಪೆಡಲ್ ಒತ್ತಿದರೆ ಹತ್ತಿ ಒತ್ತಿದ ಹಾಗೆ ಒಳಗೆ ಹೋಗುತ್ತಿದೆ. ಎರಡನೇ ಗೇರಿಗೆ ಹಾಕಿ, ಬದಿಯ ಮಣ್ಣಿನ ದಿಬ್ಬಕ್ಕೆ ಒರೆಸಿ ನಿಲ್ಲಿಸಿದೆ. ಪಕ್ಕದಲ್ಲಿ ಕೂತ ಹುಡುಗ ಇಳಿದು ಓಡಿದವನು ಸಂಜೆಯವರೆಗೆ ಗಾಡಿ ಹತ್ತಲಿಲ್ಲ. ಬಿಚ್ಚಿ ನೋಡಿದರೆ ಲೈನಿಂಗ್ ಕಾಗದದಷ್ಟು ದಪ್ಪ, ಹಿಂದೆ ಒಂದು ಬದಿ ಆಯಿಲ್ ಸೋರಿ ಒದ್ದೆ.

ಅದಕ್ಕೇ ಹೇಳುವುದು, ಟ್ರಯಲ್ ನೋಡುವುದು ಪೇಟೆಯಲ್ಲಿ ಅಲ್ಲ. ಖಾಲಿ ಗಾಡಿಯೂ ಅಲ್ಲ. ಹತ್ತು ಚೀಲ ಮರಳು ಹಾಕಿ ಒಂದು ಏರು ಹತ್ತಿಸಿ, ಇಳಿಸಿ. ಮಾರುವವನು ಒಪ್ಪದಿದ್ದರೆ ಅಲ್ಲೇ ಉತ್ತರ ಸಿಕ್ಕಿತು.

ಕುಮಟಾ ಗ್ಯಾರೇಜ್:
ನೂರಕ್ಕೆ ನೂರು. ಇದರ ಜೊತೆ ಬೆಳಿಗ್ಗೆ ಹೋಗಿ, ಹೋಗುವ ಸಮಯ ಮೊದಲೇ ಹೇಳಬೇಡಿ. ಬಾನೆಟ್ ಮುಟ್ಟಿ, ಬಿಸಿ ಇದ್ದರೆ ನಿಮಗಿಂತ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರುವಾಗ ಒಂದೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆದರೆ ಒಳ್ಳೆಯದು. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಬೀಡಿ ಸೇದಿದ ಹಾಗೆ ಪುಸು ಪುಸು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್, ಇಂಜಿನ್ ಕೆಲಸ ಹತ್ತಿರ ಇದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ, ಮಾತೇ ಬೇಡ, ವಾಪಸ್ ಬನ್ನಿ. ಕಿಲೋಮೀಟರ್ ಮೀಟರ್ ನೋಡುವುದು ಪಂಚಾಂಗ ನೋಡಿದ ಹಾಗೆ, ನಂಬುವವರು ನಂಬಬಹುದು. ನಾನು ಕ್ಲಚ್ ಪೆಡಲಿನ ರಬ್ಬರ್ ನೋಡುತ್ತೇನೆ.

ಮುಂಡಗೋಡ ಗೋವಿನಜೋಳ:
ಹೊಗೆ ನಿಯಮದ ಲೆಕ್ಕದಲ್ಲಿ ಹಳೆ ಬಿಎಸ್ 4 ತಗೊಳ್ಳಬೇಕಾ, ಹೊಸ ಬಿಎಸ್ 6 ಆ? 2020ರ ಏಪ್ರಿಲ್ ನಂತರದ್ದು ಸಿಕ್ಕರೆ ಹೊಸದು ಅಂತ ತಗೊಳ್ಳಬಹುದಲ್ವಾ?

ಕುಮಟಾ ಗ್ಯಾರೇಜ್:
ಈ ಬಜೆಟ್ಟಿಗೆ ಒಳ್ಳೆ ಬಿಎಸ್ 6 ಪಿಕಪ್ ಬರುವುದು ಕಷ್ಟ. ಬಂದರೂ ಅದರಲ್ಲಿ ಸೆನ್ಸರು ಜಾಸ್ತಿ. ಲೈಟು ಹತ್ತಿದರೆ ಸ್ಕ್ಯಾನರ್ ಇದ್ದವರ ಹತ್ತಿರವೇ ಹೋಗಬೇಕು. ನನ್ನ ಹತ್ತಿರ ಇದೆ, ಎಲ್ಲ ಹಳ್ಳಿ ಗ್ಯಾರೇಜಿನಲ್ಲಿ ಇಲ್ಲ. ನಿಲ್ಕುಂದದ ಆಚೆ ನಿಂತರೆ ಹಳೆ ಗಾಡಿಗೆ ಯಾರಾದರೂ ಕೈ ಹಾಕುತ್ತಾರೆ.

ಅಪ್ಪೆಮಿಡಿ:
ವಿಷಯ ಬಿಟ್ಟು ಕೇಳುತ್ತೇನೆ, ದೇವಿಮನೆ ರಸ್ತೆ ಈಗ ಹೇಗಿದೆ? ಅಗಲ ಮಾಡುತ್ತೇವೆ ಅಂತ ಎಷ್ಟು ಸಲ ಬಂದ್ ಮಾಡಿದರು ಅಂತ ಲೆಕ್ಕವೇ ತಪ್ಪಿದೆ. ಮಾವಿನ ಮಿಡಿ ಕಾಲದಲ್ಲಿ ಸಿದ್ದಾಪುರ ಸುತ್ತಿ ದೊಡ್ಮನೆ ಘಟ್ಟದಲ್ಲಿ ಇಳಿದೆ, ಡೀಸೆಲ್ಲಿಗೇ ಲಾಭ ಹೋಯಿತು.

ಬೈತಕೋಲ್ ಬಂದರು:
ನಿಮ್ಮದು ಬರೀ ಡೀಸೆಲ್. 2024ರ ಜುಲೈ 16ರಂದು ಅಂಕೋಲಾ ಕುಮಟಾ ರಸ್ತೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾನು ಅಂಕೋಲಾದಲ್ಲಿ ಚಹಾ ಕುಡಿಯುತ್ತಿದ್ದೆ. ಕುಮಟಾಕ್ಕೆ ಹೊರಟವನು, ಇನ್ನೊಂದು ಚಹಾ ಹೇಳಿದ್ದಕ್ಕೆ ಉಳಿದೆ. ಅದೇ ಆಗಸ್ಟಿನಲ್ಲಿ ನಮ್ಮ ಕಾಳಿ ನದಿಯ ಹಳೆ ಸೇತುವೆಯೂ ಬಿತ್ತು. ಅಂದಿನಿಂದ ಮಳೆಗಾಲದಲ್ಲಿ ಗಾಡಿಗಿಂತ ರಸ್ತೆಯನ್ನೇ ಹೆಚ್ಚು ನೋಡುತ್ತೇನೆ.

ಅಪ್ಪೆಮಿಡಿ:
ಆ ದಿನ ನೆನಪಿಸಬೇಡಿ.

ಬನವಾಸಿ ಅನಾನಸ್:
ಶಿರಸಿಯವರೇ, ನಮ್ಮ ದಾಯಾದಿಯೊಬ್ಬರ ಹತ್ತಿರ 2016ರ ಬೊಲೆರೊ ಪಿಕಪ್ ಇದೆ. ಅನಾನಸ್ ಮತ್ತು ಗೊಬ್ಬರ ಬಿಟ್ಟರೆ ಬೇರೆ ಹೊತ್ತಿಲ್ಲ. ಘಟ್ಟದ ಕೆಳಗೆ ಇಳಿದದ್ದು ಕಡಿಮೆ. ಮಗ ಬೆಂಗಳೂರಿಗೆ ಹೋದ, ಓಡಿಸುವವರಿಲ್ಲ. ಬಣ್ಣ ಮಾಸಿದೆ, ನೋಡಲು ಚಂದ ಇಲ್ಲ, ಮೊದಲೇ ಹೇಳುತ್ತೇನೆ.

ಶೀಟ್‌ಮಾಡು ಶಿರಸಿ:
ಎಲ್ಲರಿಗೂ ಥ್ಯಾಂಕ್ಸ್, ಹದಿನೈದು ದಿನದ ಕಥೆ ಹೇಳುತ್ತೇನೆ.

ಕಾರವಾರಕ್ಕೆ ಹೋದೆ. ಹೇಳದೆ ಬೆಳಿಗ್ಗೆ ಎಂಟಕ್ಕೆ ಹೋದದ್ದಕ್ಕೆ ಬ್ರೋಕರ್ ಮುಖವೇ ಬಾಡಿತು. ಮದುಮಗನ ಅಡಿಗೆ ಮಲಗಿ, ಕ್ಯಾಬಿನ್ ಕೂರುವ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಒಳಗೆ ಹೋಯಿತು. ಸುಮ್ನೆ ಹೋಯಿತು, ದೋಸೆಗೆ ಹೋದ ಹಾಗೆ. ಎದ್ದು ಬಟ್ಟೆ ಕೊಡವಿ ಬಂದೆ. ಹುಬ್ಬಳ್ಳಿ ದೋಸ್ತ್ ನೋಡಲು ಹೋಗಲೇ ಇಲ್ಲ, ಅಷ್ಟರಲ್ಲಿ ಯಾರೋ ತಗೊಂಡಿದ್ದರು. ಏಸ್ ನಿಜಕ್ಕೂ ಚೆನ್ನಾಗಿತ್ತು, ಆದರೆ ಮಾಸ್ತರರ ಲೆಕ್ಕ ತಲೆಯಲ್ಲಿ ಕೂತಿತ್ತು.

ಬನವಾಸಿಗೆ ಹೋಗಿ ಆ ಪಿಕಪ್ ನೋಡಿದೆ. ಬಣ್ಣ ನಿಜಕ್ಕೂ ಕೆಟ್ಟದಾಗಿದೆ. ಹಿಂದಿನ ಬಾಡಿಯ ತಳ ಎರಡು ಕಡೆ ಒಟ್ಟೆ, ಅದು ನನಗೆ ಒಂದು ಮಧ್ಯಾಹ್ನದ ಕೆಲಸ. ಚಾಸಿ ತಟ್ಟಿದರೆ ಗಂಟೆಯ ಹಾಗೆ. ಅವರೇ ಹತ್ತು ಚೀಲ ಗೊಬ್ಬರ ಹಾಕಿ ಕೊಟ್ಟರು, ಶಿರಸಿವರೆಗೆ ಓಡಿಸಿ ತಂದೆ. ಹಿಂದಿನ ಎರಡು ಟೈರ್ ರಿಸೋಲ್ (ಮೇಲೆ ಹೊಸ ರಬ್ಬರ್ ಅಂಟಿಸಿದ ಹಳೆ ಟೈರ್), ಬದಲಿಸಬೇಕು. 3.95 ಹೇಳಿದರು, 3.70ಕ್ಕೆ ಮುಗಿಯಿತು. ಆರ್‌ಸಿಯಲ್ಲಿ ಇನ್ನೂ ಫೈನಾನ್ಸ್ ಹೆಸರಿದೆ. ಸಾಲ ತೀರಿ ನಾಲ್ಕು ವರ್ಷ ಆಗಿದೆಯಂತೆ, ತೆಗೆಸಿರಲಿಲ್ಲ ಅಷ್ಟೇ. 20,000 ಮುಂಗಡ ಕೊಟ್ಟು, ಎನ್‌ಒಸಿ ಬಂದ ಮೇಲೆ ಉಳಿದದ್ದು ಅಂದೆ. ಹಿರಿಯರು ಸ್ವಲ್ಪ ಮುಖ ಗಂಟು ಹಾಕಿದರು, ಆಮೇಲೆ ಅಡ್ಡಿಲ್ಲೆ ಅಂದರು.

ಕಾಗದಪತ್ರ:
ಸರಿಯಾಗಿ ಮಾಡಿದಿರಿ. ಎನ್‌ಒಸಿ ಬಂದರೆ ಅದರ ಮೇಲಿನ ದಿನಾಂಕ ನೋಡಿ, ಹಳೆಯದಾಗಲು ಬಿಡದೆ ಕೂಡಲೇ ಅರ್ಜಿ ಹಾಕಿ.

ಕುಮಟಾ ಗ್ಯಾರೇಜ್:
ಕೆಳಗೆ ಇಳಿಯುವ ಮೊದಲು ನಾಲ್ಕೂ ಬ್ರೇಕ್ ಬಿಚ್ಚಿಸಿ. ಆಯಿಲ್, ಡೀಸೆಲ್ ಫಿಲ್ಟರ್ ಕೂಡ. ಭಾನುವಾರ ಮಾತ್ರ ಬರಬೇಡಿ.

ಕಾಳಿ ದಂಡೆ:
ಮೊದಲೇ ಹೇಳಿದ್ದೆ ಬೊಲೆರೊ ಅಂತ.

ಸಿದ್ದಾಪುರ ನರ್ಸರಿ:
ಗಾಡಿ ಬಂತಲ್ಲ, ನಮ್ಮ ನರ್ಸರಿಗೆ ಮೂವತ್ತು ಅಡಿಗೆ ಹದಿನೆಂಟು ಅಡಿಯ ಶೆಡ್ ಬೇಕು. ಚದರ ಅಡಿಗೆ ಎಷ್ಟು ತಗೊಳ್ಳುತ್ತೀರಿ? ಕೊನೆಯ ಮನೆ ನಮ್ಮದೇ, ರಸ್ತೆ ಮಣ್ಣಿನದು.